ಗಳ ಹಿರಿಯುವ ಮಾತು: ಹಳೆಯ ಕಟ್ಟಡ, ಬೆಂಕಿ ಮತ್ತು ತಪಾಸಣೆಯ ಚರಿತ್ರೆ

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂಬ ಮಾತು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪರರ ಸಂಕಟದಲ್ಲಿ ತನ್ನ ಲಾಭ ನೋಡಿಕೊಳ್ಳುವವನನ್ನು ಕುರಿತು ಪ್ರಯೋಗವಾಗುವ ಈ ಗಾದೆಗೆ ಇಂದು ನಿಂದೆಯ ಅರ್ಥವೊಂದೇ ಉಳಿದಿದೆ. ಆದರೆ ಗಳವೆಂದರೆ ಹುಲ್ಲುಮಾಡನ್ನು ಹೊತ್ತು ನಿಂತ ಬಿದಿರು. ಸಾಲುಮನೆಗಳ ಕೇರಿಯಲ್ಲಿ ಒಂದು ಮಾಡಿಗೆ ಕಿಡಿ ತಗುಲಿದರೆ ಅದನ್ನು ಕಿತ್ತು ಕೆಡಹುವುದು, ಪಕ್ಕದ ಮನೆಯ ಗಳಗಳನ್ನು ಎಳೆದುಹಾಕಿ ಬೆಂಕಿಗೂ ಮುಂದಿನ ಸೂರಿಗೂ ನಡುವೆ ಬಯಲು ಮಾಡುವುದು, ನೀರು ಸಾಲದ ಊರುಗಳಲ್ಲಿ ಬೆಂಕಿಯನ್ನು ತಡೆಯಲು ಇದ್ದ ಮುಖ್ಯ ಉಪಾಯ. ಮಾಡುವ ಕೆಲಸ ಒಂದೇ; ಅದು ರಕ್ಷಣೆಯೂ ಆಗಬಹುದು, ಸುಲಿಗೆಯೂ ಆಗಬಹುದು. ಗಾದೆಯು ಎರಡನೆಯದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡಿತು. ಗಾದೆಯ ಹುಟ್ಟನ್ನು ಹೀಗೆಯೇ ಎಂದು ಸಾಧಿಸಿ ತೋರಿಸುವುದು ಇಲ್ಲಿನ ಉದ್ದೇಶವಲ್ಲ. ಬೆಂಕಿಯನ್ನು ಕುರಿತ ಸಮುದಾಯದ ತಿಳಿವಳಿಕೆ ಮತ್ತು ಬೆಂಕಿಯನ್ನು ಕುರಿತ ಆಡಳಿತದ ನಿಯಮ, ಇವೆರಡೂ ಕಟ್ಟಡದ ಒಡೆಯ ಮತ್ತು ಕಟ್ಟಡದ ಒಳಗಿರುವವನ ನಡುವಣ ಸಂಬಂಧವನ್ನು ಹೇಗೆ ಕಂಡಿವೆ ಎಂಬುದನ್ನು ಪರಿಶೀಲಿಸಲು ಈ ಮಾತು ಒಂದು ದಾರಿಯಾಗಬಲ್ಲುದು.

ಹೊಸದಾಗಿ ಕಟ್ಟುವ ಕಟ್ಟಡಕ್ಕೆ ನಿಯಮ ವಿಧಿಸುವುದು ಸುಲಭ. ನಕ್ಷೆ ಕಾಗದದ ಮೇಲಿರುವಾಗ ಇನ್ನೊಂದು ಮೆಟ್ಟಿಲನ್ನು ಗೆರೆ ಎಳೆದು ಸೇರಿಸಬಹುದು. ಈಗಾಗಲೇ ನಿಂತಿರುವ, ಜನ ತುಂಬಿರುವ, ಬಾಡಿಗೆ ಬರುತ್ತಿರುವ ಕಟ್ಟಡವನ್ನು ತಪಾಸಣೆ ಮಾಡಿ ತಿದ್ದುವುದು ಬೇರೆಯೇ ಬಗೆಯ ಕೆಲಸ. ಅಗ್ನಿಸುರಕ್ಷತೆಯ ಚರಿತ್ರೆಯಲ್ಲಿ ಜೀವಹಾನಿಯ ಬಹುಭಾಗ ನಡೆದಿರುವುದು ಈ ಎರಡನೆಯ ಬಗೆಯ ಕಟ್ಟಡಗಳಲ್ಲಿ. ಆದ್ದರಿಂದ ಈ ಲೇಖನವು ಇರುವ ಕಟ್ಟಡಗಳ ತಪಾಸಣೆಗೆ ತನ್ನ ವ್ಯಾಪ್ತಿಯನ್ನು ಸೀಮಿತಗೊಳಿಸಿಕೊಂಡಿದೆ.

ನಾಗರಕನ ಪಟ್ಟಿ

ಇರುವ ಮನೆಗಳನ್ನು ಬೆಂಕಿಯ ದೃಷ್ಟಿಯಿಂದ ಪರೀಕ್ಷಿಸುವ ಕ್ರಮವು ಆಧುನಿಕವಾದುದು ಎಂಬ ಭಾವನೆ ಸಾಮಾನ್ಯವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾಗರಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಭಾಗವು ಈ ಭಾವನೆಯನ್ನು ಅಲುಗಾಡಿಸುತ್ತದೆ. ಬೇಸಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಬಾರದು, ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಇಲ್ಲವೆ ಮನೆಯ ಹೊರಗೆ ಅಡುಗೆ ಮಾಡಬೇಕು. ಪ್ರತಿ ಗೃಹಸ್ಥನೂ ನೀರಿನ ಗಡಿಗೆ, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ಹುಲ್ಲನ್ನು ಎಳೆದುಹಾಕುವ ಸಾಧನ, ತೊಗಲಿನ ಚೀಲಗಳನ್ನು ಇಟ್ಟುಕೊಂಡಿರಬೇಕು. ಹುಲ್ಲು, ಚಾಪೆ ಹೊದಿಸಿದವುಗಳನ್ನು ತೆಗೆಸಬೇಕು. ಬೆಂಕಿಯಿಂದ ಜೀವಿಸುವ ಕಸುಬಿನವರನ್ನು ಒಂದೇ ಕಡೆ ನೆಲೆಗೊಳಿಸಬೇಕು. ಬೀದಿಗಳಲ್ಲಿ, ನಾಲ್ಕು ದಾರಿ ಕೂಡುವಲ್ಲಿ, ಊರಬಾಗಿಲಲ್ಲಿ, ಅರಸನ ಉಗ್ರಾಣಗಳ ಬಳಿ ಸಾವಿರಗಟ್ಟಲೆ ನೀರಿನ ಕೊಡಗಳು ಸಾಲಾಗಿ ಇರಬೇಕು.

ಈ ಪಟ್ಟಿಯಲ್ಲಿರುವ ಕೊಕ್ಕೆ ಮತ್ತು ಎಳೆಯುವ ಸಾಧನಗಳು ಗಳ ಹಿರಿಯುವ ಕೆಲಸದ ಉಪಕರಣಗಳೇ ಆಗಿವೆ. ಇದಕ್ಕಿಂತ ಮುಖ್ಯವಾದ ಅಂಶ ದಂಡದ ಹಂಚಿಕೆಯಲ್ಲಿದೆ. ಬೆಂಕಿ ಬಿದ್ದಾಗ ಆರಿಸಲು ಓಡಿಬರದ ಮನೆಯೊಡೆಯನಿಗೆ ಹನ್ನೆರಡು ಪಣ ದಂಡ, ಬಾಡಿಗೆದಾರನಿಗೆ ಆರು ಪಣ. ಅಜಾಗ್ರತೆಯಿಂದ ಬೆಂಕಿ ಬೀಳಿಸಿದವನಿಗೆ ಐವತ್ತನಾಲ್ಕು ಪಣ. ಅಂದರೆ ಹೊಣೆ ಇಬ್ಬರಿಗೂ ಇದೆ, ಆದರೆ ಸಮವಾಗಿಲ್ಲ. ಒಡೆಯನ ಹೊಣೆ ಎರಡರಷ್ಟು. ಇಂದಿನ ಬಹುಮಹಡಿ ಕಟ್ಟಡದಲ್ಲಿ ಕಟ್ಟಿಸಿ ಮಾರಿದವನು, ಕೊಂಡವನು, ಮಾಲೀಕರ ಸಂಘ, ಬಾಡಿಗೆದಾರ, ಉಸ್ತುವಾರಿ ಸಂಸ್ಥೆ ಎಂದು ಐದಾರು ಕೈಗಳಿಗೆ ಹಂಚಿಹೋಗಿರುವ ಹೊಣೆಯನ್ನು ಕಂಡವರಿಗೆ ಈ ಲೆಕ್ಕದ ಸ್ಪಷ್ಟತೆ ಅಸೂಯೆ ಹುಟ್ಟಿಸುವಂತಿದೆ. ಇದು ಆದರ್ಶದ ಬರಹವೇ ಹೊರತು ನಡೆದುದರ ವರದಿಯಲ್ಲ ಎಂಬ ಎಚ್ಚರವೂ ಇರಬೇಕು.

ಅರ್ಥಶಾಸ್ತ್ರದ ಹಸ್ತಪ್ರತಿ ಮರಳಿ ಬೆಳಕಿಗೆ ಬಂದುದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಾಶಾಸ್ತ್ರಿಗಳ ಮೂಲಕ, 1905ರಲ್ಲಿ. ಅವರು ಮೂಲವನ್ನು ಅಚ್ಚು ಮಾಡಿಸಿದ್ದು 1909ರಲ್ಲಿ. ಅದೇ ಊರಿನಲ್ಲಿ ಆ ವರ್ಷಗಳಲ್ಲಿ ಬೆಂಕಿಗೆ ಆಹುತಿಯಾದ ಅರಮನೆಯ ಜಾಗದಲ್ಲಿ ಹೊಸ ಅರಮನೆಯ ಕೆಲಸ ನಡೆಯುತ್ತಿತ್ತು.

ಸೂರು ಬದಲಾದ ಬಗೆ

1799ರ ನಂತರ ಒಡೆಯರ ಮನೆತನವು ಮೈಸೂರಿಗೆ ಮರಳಿದಾಗ ಅವಸರದಲ್ಲಿ ಕಟ್ಟಿಸಿ 1803ರಲ್ಲಿ ಮುಗಿಸಿದ ಅರಮನೆ ಬಹುಮಟ್ಟಿಗೆ ಮರದ್ದಾಗಿತ್ತು. 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಅದು ಉರಿದುಹೋಯಿತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ವಿನ್ಯಾಸವನ್ನು ವಹಿಸಿದರು. ಕೆಲಸ 1912ರಲ್ಲಿ ಮುಗಿಯಿತು. ರಾಜಮನೆತನವು ಈ ನಡುವಿನ ಕಾಲವನ್ನು ಜಗನ್ಮೋಹನ ಅರಮನೆಯಲ್ಲಿ ಕಳೆಯಿತು. ಹೊಸ ಅರಮನೆಯಲ್ಲಿ ಮರದ ಕಂಬದ ಸ್ಥಾನಕ್ಕೆ ಬೂದುಬಣ್ಣದ ಕಣಶಿಲೆ ಬಂದಿತು. ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನರ ಕಾರ್ಖಾನೆಯಿಂದ ಬಂದವು. ಮದುವೆಯ ಸಡಗರದಲ್ಲಿ ಸುಟ್ಟುಹೋದ ಮನೆಯವರು ಮದುವೆಯ ಮಂಟಪವನ್ನು ಕಬ್ಬಿಣದಲ್ಲಿ ಕಟ್ಟಿಸಿಕೊಂಡರು ಎಂಬುದು ಗಮನಿಸತಕ್ಕ ಸಂಗತಿ. ಇದನ್ನು ಇರುವ ಕಟ್ಟಡವನ್ನು ತಿದ್ದಿದ ಉದಾಹರಣೆ ಎನ್ನಲಾಗದು. ತಿದ್ದಲು ಏನೂ ಉಳಿಯದಾಗ ಬೊಕ್ಕಸದ ಬಲದಿಂದ ಹೊಸದಾಗಿ ಕಟ್ಟಿದ ಉದಾಹರಣೆ ಇದು.

ಇರುವ ಮನೆಗಳನ್ನು ಉಳಿಸಿಕೊಂಡು ಸೂರನ್ನು ಮಾತ್ರ ಬದಲಾಯಿಸಿದ ದೊಡ್ಡ ಪ್ರಕ್ರಿಯೆ ಕರಾವಳಿಯಲ್ಲಿ ಇದಕ್ಕಿಂತ ಮೊದಲೇ ಆರಂಭವಾಗಿತ್ತು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ. ಅಲ್ಲಿಂದ ಮುಂದೆ ಮುಳಿಹುಲ್ಲು ಮತ್ತು ಸೋಗೆಯ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಗೋಡೆ ಅದೇ, ಜಗಲಿ ಅದೇ. ಮೇಲಿನ ಹೊದಿಕೆ ಮಾತ್ರ ಹೊಸದು. ಮಳೆ, ವರ್ಷವರ್ಷದ ಹೊದಿಕೆಯ ಖರ್ಚು, ಪ್ರತಿಷ್ಠೆ ಇವೆಲ್ಲ ಕಾರಣಗಳಾಗಿದ್ದವು. ಬೆಂಕಿಯ ಭಯವೂ ಅವುಗಳಲ್ಲಿ ಒಂದು. ಯಾವ ಅಧಿಕಾರಿಯ ನೋಟೀಸೂ ಇಲ್ಲದೆ ಎರಡು ಮೂರು ತಲೆಮಾರುಗಳಲ್ಲಿ ಒಂದು ಸೀಮೆಯ ವಸತಿಗಳು ಬೆಂಕಿಗೆ ಕಡಿಮೆ ಎರವಾದವು. ಆದರೆ ಹಂಚು ಕೊಳ್ಳಲಾಗದವರು ಹುಲ್ಲಿನಡಿಯಲ್ಲೇ ಉಳಿದರು. ಇಪ್ಪತ್ತನೆಯ ಶತಮಾನದಲ್ಲಿ ಹುಲ್ಲುಮಾಡು ಎಂದರೆ ಬಡತನ ಎಂದಾಯಿತು. ಬೆಂಕಿಯ ಭಯವೂ ಬಡವರ ಪಾಲಿನದಾಯಿತು.

ಬಯಲುಸೀಮೆಯ ಮಾಳಿಗೆ ಮನೆಯ ಕಥೆ ಬೇರೆ. ದಪ್ಪ ಮಣ್ಣಿನ ಮೇಲ್ಮುದ್ದೆ ಹೊತ್ತ ಆ ಮನೆಗೆ ಹೊರಗಿನ ಕಿಡಿಯ ಭಯ ಕಡಿಮೆ. ಒಳಗಿನ ಹೊಗೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಮೇವಿನ ಬಣವೆಯನ್ನು ಮನೆಗೆ ಅಂಟಿಸದೆ ಹಿತ್ತಲಿನ ಕೊನೆಯಲ್ಲಿ ಅಥವಾ ಕಣದಲ್ಲಿ ಒಟ್ಟುವುದು, ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಮಲಗುವುದು, ಕಾಮನನ್ನು ಸುಡುವ ಜಾಗವನ್ನು ಊರೊಟ್ಟಿನ ಬಯಲಿನಲ್ಲಿ ಗೊತ್ತುಮಾಡುವುದು ಇಂಥ ನಡಾವಳಿಗಳು ಬರಹವಿಲ್ಲದ ತಪಾಸಣೆಗಳೇ. ಕೊಂಡ ಹಾಯುವ ಹಬ್ಬಗಳಲ್ಲಿ ಸೌದೆ ತರುವವರು, ಕೆಂಡ ಹದಮಾಡುವವರು, ಜನರನ್ನು ದೂರ ನಿಲ್ಲಿಸುವವರು ಎಂದು ಕೆಲಸಗಳು ಹಂಚಿಕೆಯಾಗಿರುವುದನ್ನು ಕಾಣಬಹುದು. ಅಲ್ಲಿ ಬೆಂಕಿಗೆ ಹೊಣೆಗಾರರು ಇದ್ದಾರೆ. ಜಾನಪದ ಅಧ್ಯಯನಗಳಲ್ಲಿ ಹಳ್ಳಿಯ ಅರಿವನ್ನು ಹಿಗ್ಗಿಸಿ ಹೇಳುವ ರೂಢಿಯೊಂದು ಬೆಳೆದಿದೆ. ಅದಕ್ಕೆ ಇಲ್ಲಿ ಎಡೆಗೊಡಬೇಕಾಗಿಲ್ಲ. ಹಳ್ಳಿಗಳೂ ಸುಟ್ಟಿವೆ, ಕೇರಿ ಕೇರಿಗಳೇ ಬೂದಿಯಾಗಿವೆ. ಆದರೆ ಹಳ್ಳಿಯ ಮನುಷ್ಯನಿಗೆ ತಾನು ಮಲಗಿದ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದು ಕತ್ತಲಲ್ಲೂ ಗೊತ್ತಿರುತ್ತಿತ್ತು.

ಬಯಲಿನಿಂದ ಡೇರೆಗೆ

ಈ ಪರಿಚಯವು ತಪ್ಪಿಹೋಗುವುದು ಮನರಂಜನೆಯು ಬಯಲನ್ನು ಬಿಟ್ಟು ಸೂರಿನಡಿಗೆ ಬಂದಾಗ. ಬಯಲಾಟವು ದೊಂದಿ, ದೀವಟಿಗೆಗಳ ನಡುವೆಯೇ ಬೆಳೆದ ಕಲೆ. ಎಣ್ಣೆ, ಬಟ್ಟೆ, ಬೆಂಕಿ ಮೂರೂ ರಂಗಸ್ಥಳದ ಅಂಚಿನಲ್ಲೇ ಇರುತ್ತಿದ್ದವು. ಆದರೂ ಮೇಲೆ ಮುಚ್ಚಿಗೆಯಿಲ್ಲ, ಸುತ್ತ ಗೋಡೆಯಿಲ್ಲ. ಪ್ರೇಕ್ಷಕ ಎದ್ದು ನಿಂತರೆ ಎಂಟು ದಿಕ್ಕೂ ದಾರಿಯೇ. ಟಿಕೆಟ್ಟು ಬಂದ ಕೂಡಲೇ ಸುತ್ತುಗೋಡೆ ಬಂದಿತು. ಕಂಪನಿ ನಾಟಕದ ತಗಡಿನ ರಂಗಮಂದಿರ, ಯಕ್ಷಗಾನದ ಡೇರೆ ಮೇಳ, ಟೂರಿಂಗ್ ಟಾಕೀಸು, ಸರ್ಕಸ್ಸು ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿದೆ. ಹಣ ಕೊಡದವನು ಒಳಗೆ ನುಸುಳಬಾರದು ಎಂಬ ಕಾರಣಕ್ಕೆ ಹಾಕಿದ ತಡಿಕೆಯೇ ಒಳಗಿರುವವನು ಹೊರಗೆ ಬರಲಾಗದಂತೆ ಮಾಡುತ್ತದೆ.

ಸರ್ಕಾರವು ಈ ಅಪಾಯವನ್ನು ಮೊದಲು ಗುರುತಿಸಿದ್ದು ಸಿನಿಮಾದಲ್ಲಿ. ಆ ಕಾಲದ ನೈಟ್ರೇಟ್ ಫಿಲ್ಮು ಬಹುಬೇಗ ಹೊತ್ತಿಕೊಳ್ಳುವ ವಸ್ತು. 1918ರ ಸಿನೆಮಾಟೋಗ್ರಾಫ್ ಅಧಿನಿಯಮವನ್ನು ಸಾಮಾನ್ಯವಾಗಿ ಸೆನ್ಸಾರಿನ ಚರಿತ್ರೆಯಲ್ಲಿ ಮಾತ್ರ ನೆನೆಯಲಾಗುತ್ತದೆ. ಪ್ರದರ್ಶನದ ಸ್ಥಳಕ್ಕೆ ಪರವಾನಗಿ ಕೊಡುವ ಮೊದಲು ಪ್ರೇಕ್ಷಕರ ಸುರಕ್ಷತೆಯನ್ನು ಪರಿಶೀಲಿಸಬೇಕೆಂಬುದೂ ಅದೇ ಅಧಿನಿಯಮದ ಭಾಗ ಎಂಬುದು ಮರೆತುಹೋಗಿದೆ. ಪರವಾನಗಿಗೆ ಅವಧಿ ಇದ್ದುದರಿಂದ ಅದು ಮುಗಿದಾಗಲೆಲ್ಲ ಸ್ಥಳವನ್ನು ಮರಳಿ ನೋಡಬೇಕಾಗುತ್ತಿತ್ತು. ಇರುವ ಕಟ್ಟಡವನ್ನು ಕಾಲಕಾಲಕ್ಕೆ ತಪಾಸಣೆ ಮಾಡುವ ಕಾನೂನಿನ ಬೀಜ ಇಲ್ಲಿದೆ. ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ತೂಗುಬಿಟ್ಟ ಕೆಂಪುಬಣ್ಣದ ಮರಳಿನ ಬಕೆಟ್ಟುಗಳು ಒಂದು ತಲೆಮಾರಿನ ಕನ್ನಡಿಗರ ನೆನಪಿನಲ್ಲಿವೆ. ಅವು ಬೆಂಕಿ ಆರಿಸಿದುದಕ್ಕಿಂತ ಎಲೆಅಡಿಕೆಯ ಉಗುಳಿಗೆ, ಬೀಡಿಯ ತುಂಡಿಗೆ ಒದಗಿದುದೇ ಹೆಚ್ಚು. ಹಾಗೆಂದು ಅವು ನಿರರ್ಥಕವೆನ್ನುವಂತಿಲ್ಲ. ಬೀಡಿಯ ತುಂಡು ಮರಳಿಗೆ ಬೀಳುವುದೂ ಒಂದು ಬಗೆಯ ಸುರಕ್ಷತೆಯೇ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹೊತ್ತಿತು. ಸತ್ತವರು 92 ಜನ, ಅವರಲ್ಲಿ ಬಹುಪಾಲು ಮಕ್ಕಳು. ಬೆಂಕಿಯಷ್ಟೇ ನೂಕುನುಗ್ಗಲೂ ಸಾವಿಗೆ ಕಾರಣವಾಯಿತು. ಸರ್ಕಸ್ಸಿನ ಡೇರೆ ಎಷ್ಟು ಬೇಗ ಉರಿಯಬಲ್ಲುದೆಂಬುದು ಜಗತ್ತಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ನೀರು ತಡೆಯಲೆಂದು ಮೇಣ ಮತ್ತು ಪೆಟ್ರೋಲು ಹಚ್ಚಿದ್ದ ಡೇರೆ ಹೊತ್ತಿ 160ಕ್ಕೂ ಹೆಚ್ಚು ಜನ ಸತ್ತಿದ್ದರು. ಒಂದು ದೇಶದಲ್ಲಿ ತೆತ್ತ ಬೆಲೆಯ ಅರಿವು ಮೂವತ್ತಾರು ವರ್ಷಗಳಲ್ಲಿ ಇನ್ನೊಂದು ದೇಶದ ಮೈದಾನಕ್ಕೆ ಬಂದು ತಲಪಿರಲಿಲ್ಲ. ಬೆಂಗಳೂರಿನ ಈ ಸಾವುಗಳ ನೆನಪು ನಗರದ ಸಾರ್ವಜನಿಕ ಸ್ಮೃತಿಯಲ್ಲಿ ಇಂದು ಬಹಳ ಮಸುಕಾಗಿದೆ. ಡೇರೆಯನ್ನು ಬಿಚ್ಚಿಕೊಂಡು ಹೋದ ಮೇಲೆ ನೆನಪನ್ನು ನಿಲ್ಲಿಸಲು ಗೋಡೆಯೂ ಉಳಿಯುವುದಿಲ್ಲ.

ಎಂಟು ವರ್ಷಗಳ ನಂತರ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಒಳಾಂಗಣದ ಗೋಡೆಗಳಿಗೆ ಗೋಣಿತಟ್ಟು ಬಳಸಿದ್ದುದು, ಸಡಿಲ ತಂತಿಗಳು, ಗಾಳಿಬೆಳಕಿನ ಕೊರತೆ ಇವು ಆಗ ವರದಿಯಾದ ದೋಷಗಳು. ಸ್ಟುಡಿಯೋ ಒಂದು ಸ್ಥಿರವಾದ ಕಟ್ಟಡ. ಅದರೊಳಗೆ ಕಟ್ಟುವ ಸೆಟ್ಟು ತಾತ್ಕಾಲಿಕ. ತಪಾಸಣೆಯು ಹೊರಗಿನ ಕಟ್ಟಡವನ್ನು ನೋಡಿದರೂ ಒಳಗಿನ ಈ ಎರಡನೆಯ ಕಟ್ಟಡವು ವಾರಕ್ಕೊಮ್ಮೆ ರೂಪ ಬದಲಾಯಿಸುತ್ತಿರುತ್ತದೆ. ಮುಂದೆ ಹೇಳಲಿರುವ ಕಚೇರಿ ಕಟ್ಟಡಗಳ ಮರದ ತಡಿಕೆ, ಕೃತಕ ಮೇಲ್ಚಾವಣಿಗಳ ಸಮಸ್ಯೆಯೂ ಇದೇ.

ನಿಯಮ ಮತ್ತು ನಿಂತ ಕಟ್ಟಡ

ಮೈಸೂರು ರಾಜ್ಯವು ಅಗ್ನಿಶಾಮಕ ದಳದ ಅಧಿನಿಯಮವನ್ನು ಮಾಡಿದ್ದು 1964ರಲ್ಲಿ. ಭಾರತೀಯ ಮಾನಕ ಸಂಸ್ಥೆಯು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಮೊದಲಬಾರಿಗೆ 1970ರಲ್ಲಿ ಪ್ರಕಟಿಸಿತು. 1983, 2005 ಮತ್ತು 2016ರಲ್ಲಿ ಅದರ ಪರಿಷ್ಕರಣೆಗಳು ಬಂದವು. ಅದರ ನಾಲ್ಕನೆಯ ಭಾಗವು ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲಾಗಿದೆ. ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆಯಾಗಿದ್ದು, 1992ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯ ಮೂಲಕ ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲೂ ಸೇರಿತು. ಹೀಗಾಗಿ ಸಂಹಿತೆಯು ಸ್ವತಃ ಕಾನೂನಲ್ಲ, ಮಾರ್ಗದರ್ಶಿ. ರಾಜ್ಯವೋ ನಗರಸಭೆಯೋ ತನ್ನ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಪ್ರತಿ ಪರಿಷ್ಕರಣೆಯೂ ಅದಕ್ಕೆ ಹಿಂದಿನ ಕಟ್ಟಡಗಳನ್ನು ಒಂದು ಹೆಜ್ಜೆ ಹಿಂದಕ್ಕೆ ಬಿಡುತ್ತದೆ. ಕಟ್ಟಿದ ದಿನ ಕ್ರಮಬದ್ಧವಾಗಿದ್ದ ಕಟ್ಟಡ ಇಪ್ಪತ್ತು ವರ್ಷಗಳಲ್ಲಿ, ಒಂದು ಇಟ್ಟಿಗೆಯನ್ನೂ ಕದಲಿಸದೆ, ಕ್ರಮತಪ್ಪಿದ ಕಟ್ಟಡವಾಗುತ್ತದೆ. ಮಾಲೀಕನ ದೂರು ಇದು; ಈ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಇಟ್ಟಿಗೆ ಕದಲದ ಕಟ್ಟಡ ಪೇಟೆಯಲ್ಲಿ ಸಿಗುವುದು ಅಪರೂಪ. ವಾಹನ ನಿಲ್ಲಬೇಕಾದ ನೆಲಮಾಳಿಗೆ ಗೋದಾಮಾಗುತ್ತದೆ, ಬಾಲ್ಕನಿಗೆ ಗಾಜು ಬರುತ್ತದೆ, ತಾರಸಿಯ ಮೇಲೆ ಹೋಟೆಲು ಏಳುತ್ತದೆ.

ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣವು ಈ ದೃಷ್ಟಿಯಿಂದ ಪಾಠ್ಯದಂತಿದೆ. 1989ರಲ್ಲಿ ಅಲ್ಲಿ ಒಮ್ಮೆ ಬೆಂಕಿ ಕಾಣಿಸಿಕೊಂಡಿತ್ತು. 1997ರ ಜೂನ್ 13ರಂದು ನೆಲಮಟ್ಟದ ಟ್ರಾನ್ಸ್‌ಫಾರ್ಮರಿನಿಂದ ಹೊರಟ ಬೆಂಕಿಯ ಹೊಗೆ ಬಾಲ್ಕನಿಯನ್ನು ತುಂಬಿ 59 ಜನ ಸತ್ತರು. ಹೆಚ್ಚುವರಿ ಆಸನಗಳಿಗಾಗಿ ಬಾಲ್ಕನಿಯ ಒಂದು ಬದಿಯ ದಾರಿಯನ್ನು ಮುಚ್ಚಲಾಗಿತ್ತು. ಪರವಾನಗಿಯ ಕಾಗದಗಳು ವರ್ಷವರ್ಷವೂ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತಿದ್ದವು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಶಾಲೆಯೊಂದರ ಹುಲ್ಲುಚಾವಣಿಗೆ ಅಡುಗೆಮನೆಯ ಬೆಂಕಿ ಹಬ್ಬಿ 94 ಮಕ್ಕಳು ಸತ್ತಾಗ, ಎರಡು ಸಾವಿರ ವರ್ಷಗಳ ಹಿಂದಿನ ಪಟ್ಟಿಯಲ್ಲಿದ್ದ, ಹುಲ್ಲು ಹೊದಿಸಿದುದನ್ನು ತೆಗೆಸುವ ಕೆಲಸವು ಮತ್ತೆ ಸರ್ಕಾರಿ ಆದೇಶವಾಗಿ ಹೊರಬಿತ್ತು. ಈ ಘಟನೆಯ ಹಿನ್ನೆಲೆಯಲ್ಲಿ 2009ರ ಏಪ್ರಿಲ್ 13ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪು, ಸುರಕ್ಷಿತ ಶಾಲೆಯನ್ನು ಮಕ್ಕಳ ಶಿಕ್ಷಣದ ಹಕ್ಕಿನ ಭಾಗವೆಂದು ಪರಿಗಣಿಸಿತು. ಇನ್ನು ಮುಂದೆ ತೆರೆಯುವ ಶಾಲೆಗಳಿಗಷ್ಟೇ ಅಲ್ಲದೆ ಈಗಾಗಲೇ ನಡೆಯುತ್ತಿರುವ ಶಾಲೆಗಳಿಗೂ ಅದು ಅನ್ವಯಿಸಿತು. ಕರ್ನಾಟಕದ ಶಾಲೆಗಳ ಕಾರಿಡಾರುಗಳಲ್ಲಿ ಇಂದು ಕಾಣುವ ಕೆಂಪು ಸಿಲಿಂಡರುಗಳ ಹಿಂದೆ ಈ ತೀರ್ಪಿದೆ.

ಬೆಂಗಳೂರಿನಲ್ಲಿ ಇರುವ ಕಟ್ಟಡದ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ತಂದುದು 2010ರ ಫೆಬ್ರವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಈ ಏಳು ಮಹಡಿಗಳ ಕಚೇರಿ ಕಟ್ಟಡದಲ್ಲಿ 9 ಜನ ಸತ್ತರು. ಅವರಲ್ಲಿ ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದವರೂ ಇದ್ದರು. ವಿದ್ಯುತ್ ತಂತಿಗಳು ಸಾಗುವ ಲಂಬವಾದ ಕೊಳವೆದಾರಿಯಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತ್ತು. ಸಂತ್ರಸ್ತ ಕುಟುಂಬಗಳ ಪ್ರಯತ್ನದಿಂದ ಮುಂದೆ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ರೂಪುಗೊಂಡಿತು. ಈಗಾಗಲೇ ಕಟ್ಟಿದ ಎತ್ತರದ ಕಟ್ಟಡಗಳನ್ನೂ ನಿಯತವಾಗಿ ತಪಾಸಣೆ ಮಾಡಬೇಕೆಂಬ ಒತ್ತಾಯ ಅಲ್ಲಿಂದ ಗಟ್ಟಿಯಾಯಿತು.

ಕೊಳವೆದಾರಿಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮಾಳಿಗೆ ಮನೆಯ ಬೆಳಕಿಂಡಿ ಹೊಗೆಯನ್ನು ಆಕಾಶಕ್ಕೆ ಬಿಡುವ ದಾರಿ. ಬಹುಮಹಡಿ ಕಟ್ಟಡದ ತಂತಿಯ ಕೊಳವೆದಾರಿಯೂ ರಚನೆಯಲ್ಲಿ ಚಿಮಣಿಯೇ. ಬಿಸಿಯಾದ ಹೊಗೆ ತಾನಾಗಿ ಮೇಲೇರುತ್ತದೆ. ಆದರೆ ಇದರ ಬಾಯಿ ಆಕಾಶಕ್ಕೆ ತೆರೆದಿರುವುದಿಲ್ಲ, ಪ್ರತಿ ಮಹಡಿಗೆ ತೆರೆದಿರುತ್ತದೆ. ತಂತಿಗಳು ಹಾದುಹೋಗುವ ಕಡೆ ಚಪ್ಪಡಿಯಲ್ಲಿ ಬಿಟ್ಟ ಸಂದುಗಳನ್ನು ಪ್ರತಿ ಮಹಡಿಯ ಮಟ್ಟದಲ್ಲಿ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕು. ಗೋಡೆ ಒಡೆಯಬೇಕಾಗಿಲ್ಲ, ಬಾಡಿಗೆದಾರರನ್ನು ಎಬ್ಬಿಸಬೇಕಾಗಿಲ್ಲ. ಹಳೆಯ ಕಟ್ಟಡಕ್ಕೆ ಮಾಡಬಹುದಾದ ತಿದ್ದುಪಡಿಗಳಲ್ಲಿ ಅತಿ ಕಡಿಮೆ ಖರ್ಚಿನವುಗಳಲ್ಲಿ ಇದೂ ಒಂದು. ಆದರೂ ಹೊಸ ತಂತಿ ಎಳೆಯಲು ಬಂದವನು ಮುಚ್ಚಿದ ಸಂದನ್ನು ಕೊರೆದು ಹಾಗೇ ಬಿಟ್ಟುಹೋಗುತ್ತಾನೆ. ಕಾಣದ ಜಾಗವಾದ್ದರಿಂದ ಯಾರೂ ಕೇಳುವುದಿಲ್ಲ. ಒಂದು ಸಲದ ತಪಾಸಣೆ ಸಾಲದು, ಮರಳಿ ಮರಳಿ ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಳಿದ ಸುಲಭ ತಿದ್ದುಪಡಿಗಳೂ ಇಂಥವೇ. ಹೊರಹೋಗುವ ಬಾಗಿಲು ಹೊರಮುಖವಾಗಿ ತೆರೆಯಬೇಕು. ಒಳಮುಖವಾಗಿ ತೆರೆಯುವ ಬಾಗಿಲಿನ ಮೇಲೆ ಜನಸಂದಣಿ ಒತ್ತಿದರೆ ಅದು ಗೋಡೆಯೇ ಆಗುತ್ತದೆ. ಮೆಟ್ಟಿಲಸಾಲೆಯಲ್ಲಿ ರಟ್ಟಿನ ಪೆಟ್ಟಿಗೆ, ಮುರಿದ ಕುರ್ಚಿ, ನೀರಿನ ಕ್ಯಾನು ಇರಬಾರದು. ದೀಪ ಆರಿದಾಗ ದಾರಿ ತೋರುವ ತುರ್ತುದೀಪ ಇರಬೇಕು. ಕೊಳವೆಯಲ್ಲಿ ನೀರಿರಬೇಕು, ಪೆಟ್ಟಿಗೆಯಲ್ಲಿ ಕೊಳವೆಯಿದ್ದು ತೊಟ್ಟಿ ಬತ್ತಿರುವುದುಂಟು. ಕಷ್ಟದವು ಬೇರೆ ಇವೆ. ಒಂದೇ ಮೆಟ್ಟಿಲಿರುವ ಕಟ್ಟಡಕ್ಕೆ ಎರಡನೆಯದನ್ನು ಎಲ್ಲಿಂದ ತರುವುದು? ಎತ್ತರದ ಕಟ್ಟಡದ ಸುತ್ತ ಅಗ್ನಿಶಾಮಕ ವಾಹನ ತಿರುಗಲು 6 ಮೀಟರ್ ಬಯಲು ಬೇಕೆನ್ನುವ ಸಂಹಿತೆಯ ಮಾತನ್ನು ಪಕ್ಕದ ಗೋಡೆಗೆ ಅಂಟಿ ನಿಂತ ಕಟ್ಟಡ ಹೇಗೆ ಪಾಲಿಸಬೇಕು? ಚಿಕ್ಕಪೇಟೆ, ಬಳೇಪೇಟೆಗಳ ಓಣಿಗಳಿಗೆ ವಾಹನವೇ ಬಾರದು. 1791ರಲ್ಲಿ ಮುಗಿದ ಟಿಪ್ಪುವಿನ ಬೇಸಗೆ ಅರಮನೆಯ ತೇಗದ ಕಂಬಗಳನ್ನು ಯಾವ ತಪಾಸಕನೂ ಬದಲಾಯಿಸಲು ಹೇಳಲಾರ. ಇಲ್ಲಿ ನಿಯಮವು ಪರ್ಯಾಯವನ್ನು ಒಪ್ಪಬೇಕಾಗುತ್ತದೆ. ದಾರಿ ಹೆಚ್ಚಿಸಲಾಗದಿದ್ದರೆ ಒಳಗಿರುವ ಜನರ ಸಂಖ್ಯೆಯನ್ನು ಇಳಿಸುವುದು, ಮೆಟ್ಟಿಲು ಸೇರಿಸಲಾಗದಿದ್ದರೆ ಎಚ್ಚರಿಸುವ ಗಂಟೆಯನ್ನು ಬೇಗ ಬಾರಿಸುವುದು, ಅಡುಗೆಯನ್ನೂ ದಾಸ್ತಾನನ್ನೂ ಹೊರಗೆ ಸಾಗಿಸುವುದು. ಬೇಸಗೆಯಲ್ಲಿ ಹೊರಗೆ ಅಡುಗೆ ಮಾಡು ಎಂದ ಹಳೆಯ ನಿಯಮದ ತರ್ಕವೂ ಇದೇ ಆಗಿತ್ತು.

ರಾತ್ರಿಯವರು

ತಪಾಸಣೆಯ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬುದರಲ್ಲಿ ರಾಜ್ಯಗಳ ದಾರಿ ಒಂದೇ ಆಗಿಲ್ಲ. ಮಹಾರಾಷ್ಟ್ರವು 2006ರ ತನ್ನ ಅಧಿನಿಯಮದಲ್ಲಿ ಮಾಲೀಕ ಅಥವಾ ಅನುಭೋಗದಾರನೇ ಪರವಾನಗಿ ಪಡೆದ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ಪ್ರತಿ ವರ್ಷ ಜನವರಿ ಮತ್ತು ಜುಲೈಗಳಲ್ಲಿ ಸಲ್ಲಿಸಬೇಕೆಂದು ವಿಧಿಸಿತು. ಇದರಿಂದ ಇಲಾಖೆಯ ಭಾರ ಇಳಿಯಿತು. ಆದರೆ ತಪಾಸಕನಿಗೆ ಹಣ ಕೊಡುವವನು ತಪಾಸಣೆಗೆ ಒಳಗಾಗುವವನೇ ಆದ. ಅನುಭೋಗದಾರನಿಗೂ ಮಾಲೀಕನಿಗೂ ಹೊಣೆಯ ಪ್ರಮಾಣವನ್ನು ಬೇರ್ಪಡಿಸುವ ಹಳೆಯ ಎಚ್ಚರ ಇಲ್ಲಿಲ್ಲ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಿಗೆ ಬೆಂಕಿ ಬಿದ್ದಾಗ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 18ರಂದು ಪ್ರತಿ ಜಿಲ್ಲೆಯಲ್ಲೂ ಸಮಿತಿಯೊಂದು ಕೋವಿಡ್ ಆಸ್ಪತ್ರೆಗಳನ್ನು ತಿಂಗಳಿಗೊಮ್ಮೆಯಾದರೂ ಪರಿಶೀಲಿಸಬೇಕೆಂದು ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯ ಸಾವುಗಳು ಮತ್ತು ಕೆಲವೇ ದಿನಗಳಲ್ಲಿ ಕೋರಮಂಗಲದ ಕಟ್ಟಡವೊಂದರ ಮೇಲ್ಮಹಡಿಯ ಬೆಂಕಿ ಮತ್ತೊಂದು ಸುತ್ತಿನ ತಪಾಸಣೆಗೆ ಕಾರಣವಾದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ಇಲ್ಲಿ ಯಾರಾದರೂ ನೆನೆದಾರು. ಆದರೆ ಬಾವಿಯನ್ನು ತೋಡಿದ್ದೂ ನಿಜ. ತೋಡಿದ ಬಾವಿಯನ್ನು ಮುಂದಿನ ಬೆಂಕಿಯವರೆಗೆ ಹೂಳು ತೆಗೆದು ಇಟ್ಟುಕೊಳ್ಳುವವರು ಯಾರು ಎಂಬುದು ಉಳಿದ ಪ್ರಶ್ನೆ.

ಇದಕ್ಕಿಂತ ಕಡಿಮೆ ಚರ್ಚೆಯಾದ ಪ್ರಕರಣವೊಂದಿದೆ. 2018ರ ಜನವರಿ 8ರಂದು ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಗಿರಾಕಿಗಳು ಹೋಗಿ, ಬಾಗಿಲು ಮುಚ್ಚಿ, ದುಡಿದವರು ಅಲ್ಲೇ ಹಾಸಿಕೊಂಡು ಮಲಗಿದ್ದರು.

ಭಾರತದ ಅರಗಿನ ಮನೆಯ ಪ್ರಸಂಗವನ್ನು ಕನ್ನಡ ನಾಡಿನ ಓದುಗರು ಪಂಪನಿಂದಲೂ ಕುಮಾರವ್ಯಾಸನಿಂದಲೂ, ಓದದವರು ಆಟಗಳಿಂದಲೂ ಬಲ್ಲರು. ವ್ಯಾಸಭಾರತದ ಆದಿಪರ್ವದಲ್ಲಿ ಈ ಪ್ರಸಂಗ ತಪಾಸಣೆಯಿಂದಲೇ ಮೊದಲಾಗುತ್ತದೆ. ವಾರಣಾವತದ ಹೊಸ ಮನೆಯನ್ನು ಹೊಕ್ಕ ಧರ್ಮರಾಯನು ತುಪ್ಪ, ಅರಗು, ಕೊಬ್ಬುಗಳ ವಾಸನೆಯಿಂದ ಗೋಡೆಯಲ್ಲಿ ಏನು ಬೆರೆತಿದೆ ಎಂಬುದನ್ನು ಅರಿಯುತ್ತಾನೆ. ವಿದುರ ಕಳಿಸಿದ ಗಣಿಗಾರನು ನೆಲದಡಿಯಲ್ಲಿ ಎರಡನೆಯ ದಾರಿಯನ್ನು ತೋಡಿ ಅದರ ಬಾಯಿಯನ್ನು ಹಲಗೆಯಿಂದ ಮುಚ್ಚುತ್ತಾನೆ. ಇರುವ ಕಟ್ಟಡಕ್ಕೆ ಹೊರದಾರಿಯೊಂದನ್ನು ಸೇರಿಸಿದ ಕಥೆ ಇದು. ಆ ರಾತ್ರಿ ಊಟಕ್ಕೆ ಬಂದ ಬೇಡಿತಿಯೊಬ್ಬಳು ಮತ್ತು ಅವಳ ಐವರು ಮಕ್ಕಳು ಕುಡಿದು ಅಲ್ಲೇ ನಿದ್ರೆಹೋಗಿದ್ದರು. ಭೀಮ ಬೆಂಕಿ ಇಟ್ಟ. ದಾರಿ ಗೊತ್ತಿದ್ದವರು ಸುರಂಗದಲ್ಲಿ ಹೊರಟರು. ಬೆಳಗ್ಗೆ ಊರವರು ಬೂದಿಯಲ್ಲಿ ಆರು ಹೆಣಗಳನ್ನು ಕಂಡು ಅವು ಕುಂತಿ ಮತ್ತು ಪಾಂಡವರವೆಂದು ಅತ್ತರು. ಸತ್ತವರನ್ನು ಅವರ ಹೆಸರಿನಲ್ಲಿ ಯಾರೂ ಅಳಲಿಲ್ಲ.

ಪಾಠಕರೂ ಕಲಾವಿದರೂ ಈ ಆರು ಜನರನ್ನು ಬೇಗ ದಾಟಿಹೋಗುವುದು ಸಹಜ, ಕಥೆ ಪಾಂಡವರದು. ಕಟ್ಟಡ ಸಂಹಿತೆಯೂ ತನ್ನದೇ ರೀತಿಯಲ್ಲಿ ದಾಟಿಹೋಗುತ್ತದೆ. ಅದು ಕಟ್ಟಡಗಳನ್ನು ಬಳಕೆಯ ಮೇಲೆ ವಾಸ, ಶಿಕ್ಷಣ, ಆರೈಕೆ, ಜನಕೂಟ, ಕಚೇರಿ, ವ್ಯಾಪಾರ, ಕೈಗಾರಿಕೆ, ದಾಸ್ತಾನು, ಅಪಾಯಕರ ಎಂದು ವಿಂಗಡಿಸುತ್ತದೆ. ಬಾರು, ಹೋಟೆಲುಗಳು ಜನಕೂಟದ ವರ್ಗದಲ್ಲಿ ಬರುತ್ತವೆ. ಮಲಗುವವರು ಇರುವುದು ವಾಸ ಮತ್ತು ಆರೈಕೆಯ ವರ್ಗಗಳಲ್ಲಿ. ಹಗಲು ಅಂಗಡಿಯಾಗಿ ರಾತ್ರಿ ಕೆಲಸಗಾರರ ಮಲಗುವ ಮನೆಯಾಗುವ ಜಾಗವನ್ನು ತಪಾಸಕ ಹಗಲಿನಲ್ಲಿ ನೋಡಿದರೆ ಅವನಿಗೆ ಕಾಣುವುದು ಅಂಗಡಿ ಮಾತ್ರ. ಸುತ್ತಿಟ್ಟ ಚಾಪೆ, ಮೊಳೆಗೆ ತೂಗಿದ ಅಂಗಿ, ಮೂಲೆಯ ಟ್ರಂಕು ಇವು ಯಾವ ನಮೂನೆಯನ್ನೂ ತುಂಬುವುದಿಲ್ಲ. ಕೌಟಿಲ್ಯನ ನಾಗರಕನು ರಾತ್ರಿಯಲ್ಲಿ ಮನೆಯೊಡೆಯರು ತಮ್ಮ ತಮ್ಮ ಬಾಗಿಲ ಬಳಿಯೇ ಇರಬೇಕೆಂದು ವಿಧಿಸಿದ್ದ. ಇಂದು ರಾತ್ರಿ ಬಾಗಿಲ ಬಳಿ ಇರುವವನು ಕಾವಲುಗಾರ. ಗೋದಾಮಿನ, ಬಾರಿನ, ತಾರಸಿ ಹೋಟೆಲಿನ ಒಳಗೆ ಎಷ್ಟು ಜನ ಮಲಗಿದ್ದಾರೆ ಎಂಬ ಲೆಕ್ಕ ಅವನಿಗೆ ಬಾಯಲ್ಲಿರುತ್ತದೆ, ಹೊರಬಾಗಿಲ ಬೀಗದ ಕೈ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರುತ್ತದೆ. ತಪಾಸಣೆಗೆ ಹೋದವರು ಮಾಲೀಕನನ್ನು ಕಾಣುವ ಮೊದಲು ಅವನನ್ನು ಕೇಳುವುದು ಖರ್ಚಿಲ್ಲದ ಕೆಲಸ.